ಆರನೆಯ ಬೆಕ್ಕು

ವರನ ಹೆಸರಿನ ಒತ್ತು ಬಿದ್ದುಹೋಗಿ
ತಿಪ್ಪೇಶ ತಿಪೇಶನಾದ್ದರಿಂದ
ಮಹಾರುದ್ರಪ್ಪನವರ ಪ್ರೆಸ್ಸಿನಲ್ಲಿ ಮುನ್ನೂರು ಲಗ್ನಪತ್ರಿಕೆ ಉಳಿದವು.
ಅವುಗಳ ಬೆನ್ನ ಮೇಲೆ ನಾನು ಬೆಕ್ಕು ಬರೆಯುತ್ತೇನೆ.
ಮುಂದೆ ಗಣಪತಿ, ಹಿಂದೆ ಕೋರೆಹಲ್ಲು.

ನಸೀಮಾಳ ಆಟಕ್ಕೆ ಒಂದು ಲೋಕ ಬೇಕಂತೆ.
ಅಲ್ಲಿ ನಾಯಿ ಇರಕೂಡದಂತೆ,
ಮನುಷ್ಯರು ಇನ್ನೂ ಹುಟ್ಟಿಲ್ಲವಂತೆ.
ಮಿಕ್ಕಿದ್ದು ನಿನ್ನಿಷ್ಟ ಅಂದಳು, ಪೆನ್ಸಿಲು ಕೆತ್ತಿ ಕೊಟ್ಟು.

ನನಗೆ ಗೊತ್ತಿರುವ ಲೋಕ ಒಂದೇ: ದುರ್ಗದ ಬಂಡೆ.
ಮೊದಲನೆಯದಕ್ಕೆ ಅದರ ಮೈಯನ್ನೇ ಕೊಟ್ಟೆ.
ಹಗಲೆಲ್ಲ ಕಾದು ನಡುರಾತ್ರಿಗೂ ಬಿಸಿ ಬಿಟ್ಟುಕೊಡದ ಕಲ್ಲುಕೊತ್ತಿ.
ಬೆನ್ನ ಮೇಲಿನವು ಮಚ್ಚೆಯಲ್ಲ, ಕಲ್ಲುಹೂವು.
ಅದು ಬೇಟೆಗೆ ಹೋಗುವುದಿಲ್ಲ.
ಚಳಿಗೆ ಬೆಚ್ಚಗಿದೆಯೆಂದು ಓತಿಕ್ಯಾತ ತಾನಾಗಿ ಬಂದು ಮಲಗುತ್ತದೆ.

ಗುಡ್ಡದ ಮೇಲಿನ ಗಾಳಿಯಂತ್ರ ನೋಡುತ್ತ ಬರೆದದ್ದು ಗಾಳಿಗಿವಿ.
ಕಿವಿ ಮೂರು.
ಮೂರನೆಯದು ನಿದ್ದೆಯಲ್ಲೂ ತಿರುಗುತ್ತಿರುತ್ತದೆ.
ಮತ್ತೆ ಅಕ್ಕತಂಗಿ ಹೊಂಡದ ಬಾವುಗ,
ಸದಾ ಜೋಡಿಯಾಗೇ ಹುಟ್ಟುವಂಥದ್ದು.
ಮೇಲಿನದು ಕುಡಿದರೆ
ಕೆಳಗಿನದರ ದಾಹ ಆರುತ್ತದೆ.

'ಏನ್ ತಿಂತೈತೆ? ಎಷ್ಟು ಮರಿ? ಯಾವುದಕ್ಕೆ ಹೆದರ್ತೈತೆ?'
ನಸೀಮಾಳ ನೋಟುಬುಕ್ಕಿಗೆ ಮೂರೇ ಕಂಬಸಾಲು.
ನಾಲ್ಕನೆಯದು, ಎರಡು ಬಾಲದ ನೇರಳೆ ಬಣ್ಣದ್ದು,
ಯಾವುದಕ್ಕೂ ಹೆದರುವುದಿಲ್ಲ ಅಂದೆ.
'ಹಂಗಾದ್ರೆ ಅದು ಬೆಕ್ಕಲ್ಲ, ದೇವ್ರು. ತೆಗಿ.'
ಐದನೆಯದೂ ಅದರ ಹಿಂದೆಯೇ ಹೋಯಿತು.

ಚಹಾ ತಂದ ಪಾಲಯ್ಯ, ಜೋಗಿಮಟ್ಟಿಯಲ್ಲಿ ದಿನಗೂಲಿ ಕಾವಲು,
ನಕ್ಷೆಯನ್ನು ಬಗ್ಗಿ ನೋಡಿ ಒಂದೇ ಮಾತು ಕೇಳಿದ:
'ನೀರೆಲ್ಲೈತೆ?'
ನಾವು ಬರೆದೇ ಇರಲಿಲ್ಲ.
ನೀಲಿ ಶಾಯಿ ಹಚ್ಚಿದ ಮೇಲೆ ಎಲ್ಲ ಬೆಕ್ಕುಗಳೂ
ಒಂದೊಂದು ಮನೆ ಸರಿದು ಕೂತವು.

ಆರನೆಯದು ಅವನ ಅಂಗೈಯಿಂದ ಬಂತು.
'ಇಷ್ಟೇ ಇತ್ತು, ತುಕ್ಕಿನ ಬಣ್ಣ.
ಬ್ಯಾಟರಿ ಬಿಟ್ಟೆ. ಕಣ್ಣು ಕಂಡ್ವು, ಬೆಕ್ಕು ಕಾಣ್ಲಿಲ್ಲ.'
ಹಾಗಾಗಿ ಅದಕ್ಕೆ ಕಣ್ಣಷ್ಟೇ ಬರೆದೆ, ಮೈ ಗೆರೆಯಲ್ಲೇ ಬಿಟ್ಟೆ.
ಶಕ್ತಿ: ಒಂದು. ಮಾಯೆ: ಇಲ್ಲ.
ಹೆದರುವುದು: ಎಲ್ಲಕ್ಕೂ.
ಹೆಸರಿಡಲು ಬಾಯಿ ಬರಲಿಲ್ಲ.

ಭಾನುವಾರ, ಷಟರು ಅರ್ಧ ಇಳಿಸಿ, ಮೊದಲ ಆಟ.
ಮಹಾರುದ್ರಪ್ಪನವರ ಮೊಮ್ಮಗಳು ಸಿಂಚನಾ, ಒಂಬತ್ತು ವರ್ಷ,
ಕಲ್ಲುಕೊತ್ತಿ ಬೇಡವೆಂದಳು, ಗಾಳಿಗಿವಿ ಬೇಡವೆಂದಳು,
ಆರನೆಯದನ್ನು ಎತ್ತಿಕೊಂಡು
ಎರಡು ಸುತ್ತು ಪೊದೆಯಿಂದ ಪೊದೆಗೆ ದಾಟಿಸಿದಳು, ಉಸಿರು ಬಿಗಿಹಿಡಿದು.
ಮೂರನೆಯ ಸುತ್ತಿಗೆ ಕಾಳ್ಗಿಚ್ಚಿನ ಎಲೆ ಬಿತ್ತು.
ದಾಳ ಉರುಳಿತು. ಒಂದು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ.
ಆ ಹೊತ್ತು ಚೆಲ್ಲಾಟ ನಮ್ಮದಿತ್ತು.
ನಿಯಮವೂ ನಮ್ಮದೇ, ನಸೀಮಾಳ ದುಂಡಕ್ಷರದಲ್ಲಿ:
ಕೊನೆಯದು ಸತ್ತರೆ ಎಲೆ ಹರಿಯತಕ್ಕದ್ದು.

ಇನ್ನೊಂದು ಬರೆದುಕೊಡ್ತೀನಿ ಬಿಡು, ಅಂದೆ ನಾನು,
ಬರೆಯುವವನ ಸೊಕ್ಕಿನಲ್ಲಿ.
'ಬರೆದ್ರೆ ಅದು ಬೇರೇದಾಗ್ತೈತೆ.'
ಅಳಲಿಲ್ಲ ಅವಳು. ಹರಿಯಲೂ ಇಲ್ಲ.
ಎಲೆಯನ್ನು ಮಗುಚಿ
ಅದು ನಿಂತಿದ್ದ ಮನೆಯಲ್ಲೇ ಇಟ್ಟಳು,
ಗಣಪತಿ ಮೇಲಾಗಿ.

ಆಮೇಲೂ ಆಟ ನಡೆಯಿತು. ಗಾಳಿಗಿವಿ ಗೆದ್ದಿತು ಅಂತ ನೆನಪು.
ಆ ಒಂದು ಮನೆಯನ್ನು ಯಾರೂ ತುಳಿಯಲಿಲ್ಲ,
ಪುಸ್ತಕದಲ್ಲಿ ಹಾಗೇನೂ ಬರೆದಿರಲಿಲ್ಲ.
ಷಟರಿನ ಸಂದಿಯಿಂದ ಬಂದ ಬಿಸಿಲು
ಅರಿಶಿನ ಹಚ್ಚಿದ ಅಂಚಿಗೆ ತಾಗಿ,
ತಿಪೇಶನ ಹೆಸರು ದಾಟಿ,
ಮುಹೂರ್ತ ದಾಟಿ, ಕೊನೆಯ ಸಾಲಿಗಿಳಿದಿತ್ತು.
ನಾನೇ ಅಚ್ಚುಮೊಳೆ ಜೋಡಿಸಿದ್ದು, ಎಷ್ಟೋ ಸಾವಿರ ಸಲ,
ಓದಿರಲಿಲ್ಲ:

ತಮ್ಮ ಆಗಮನಾಭಿಲಾಷಿಗಳು.